ಎರಡು ಉಂಡೆ ಕೆಂಕೆ

ಭಾನುವಾರದ ಪ್ರಸಂಗಕ್ಕೆ ಮಾತು ಬೇಕಿತ್ತು.
ಪಾದ್ರಿಗಳಿಗೆ ಜ್ವರ. ಕೇಪ್ ಕೋಸ್ಟಿನ ಆಸ್ಪತ್ರೆಯಿಂದ
ಔಷಧಿ ಚೀಟಿಯ ಬೆನ್ನಲ್ಲಿ ಬರೆದು ಕಳಿಸಿದ್ದರು:
ಕೋಬಿನಾ ಎಸುಮಾನ್, ಈ ವಾರ ನೀನೇ.

ನಾನು ಐಸ್ ಕಾರ್ಖಾನೆಯ ಗುಮಾಸ್ತ.
ಯಾರು ಎಷ್ಟು ಗಡ್ಡೆ ಒಯ್ದರು, ಯಾರದೆಷ್ಟು ಬಾಕಿ,
ಬರೆದೇ ಕಣ್ಣು ಸವೆದವನು.
ಜೇಬಿನಲ್ಲಿ ಇನ್ನೊಂದು ಪುಸ್ತಕ, ಸಣ್ಣದು, ನೀಲಿ ರಟ್ಟಿನದು:
ದಾರಿಯಲ್ಲಿ ದೇವರು ಸಿಕ್ಕರೆ ಬರೆದುಕೊಳ್ಳಲಿಕ್ಕೆ.

ಮಂಗಳವಾರ ಎಲ್ಮಿನಾದಲ್ಲಿ ಯಾರೂ ಕಡಲಿಗಿಳಿಯುವುದಿಲ್ಲ.
ಅದು ಕಡಲಿನ ರಜೆ. ಅಜ್ಜಂದಿರು ಹಾಕಿದ ಕಟ್ಟು,
ಚರ್ಚು ಬಂದ ಮೇಲೂ ಬಿಚ್ಚಲಿಲ್ಲ.
ದೋಣಿಗಳು ಮೈಗೆ ಮೈ ತಾಗಿಸಿ ನಿಂತಿದ್ದವು.
ಒಂದರ ಮೇಲೆ ಕೆಂಪು ಬಣ್ಣದಲ್ಲಿ ‘ಕೃಪೆಯೇ ಸಾಕು’,
ಪಕ್ಕದ್ದರಲ್ಲಿ ‘ಹೊಟ್ಟೆಕಿಚ್ಚು ಬೇಡ, ದುಡಿ’.
ಕೃಪೆಯ ತಳದಲ್ಲಿ ತೂತು.
ಬರೆದುಕೊಂಡೆ.

ಕಾಲ್ಬೆರಳಿಗೆ ಬಲೆ ಸಿಕ್ಕಿಸಿ ಕೂತಿದ್ದ ಎಕೋ ಟೆಚೀ.
ಹರಿದದ್ದನ್ನು ಹೊಲಿಯುವ ತಾಳ್ಮೆ ಎಲ್ಲಿಂದ ಬಂತಣ್ಣ, ಕೇಳಿದೆ.
‘ಹರಿದದ್ದರಿಂದ’ ಅಂದ.
ಆಹಾ! ಅದನ್ನೂ ಬರೆದುಕೊಂಡೆ.
ಆಮೇಲೆ ಅವನು ಹೇಳಿದ್ದು, ನೂಲಿನ ಬೆಲೆ,
ತಮ್ಮನ ಕಾಲಿಗೆ ಹೊಕ್ಕ ಕಬ್ಬಿಣದ ಚೂರು, ಊದಿದ ಪಾದ,
ಅದನ್ನು ಬರೆಯಲಿಲ್ಲ.

ಸೇತುವೆ ಮೇಲೆ ನೀರಿನ ಪೊಟ್ಟಣ ಮಾರುವ ಹುಡುಗಿ.
ತಲೆ ಮೇಲೆ ಅಷ್ಟು ನೀರು, ತುಟಿ ಒಡೆದಿದೆ.
‘ಜೀವಜಲ’ ಎಂದು ಅರ್ಧ ಬರೆದೆ,
ಹಿಂದಿನಿಂದ ಟ್ರೋಟ್ರೋ ವ್ಯಾನಿನ ಹಾರ್ನು.
ಸರಿದೆ. ಹೆಸರು ಕೇಳಲಿಲ್ಲ.

ಕೊನೆಗೆ ಅರಾಬಾ ಮಾನ್ಸಾಳ ಕಟ್ಟೆ.
ಹಬೆ, ಹುಳಿಬಂದ ಮೆಕ್ಕೆಜೋಳದ ಹಿಟ್ಟಿನ ವಾಸನೆ,
ಒಣ ಬಾಳೆಲೆಯಲ್ಲಿ ಸುತ್ತಿಟ್ಟ ಕೆಂಕೆ ಉಂಡೆಗಳು.
ಬಟ್ಟೆ ಸುತ್ತಿದ ದೇಹ, ಮೂರು ದಿನ ಕತ್ತಲಲ್ಲಿ ಹುದುಗಿದ ಹಿಟ್ಟು...
ಪುನರುತ್ಥಾನ! ಪೆನ್ನು ತೆಗೆದೆ.

‘ಏನು ಬರೀತೀ?’
‘ನಿನ್ನ ವಿಷಯ ಅಮ್ಮಾ. ಭಾನುವಾರ ಹೇಳ್ತೇನೆ.’
‘ಹೇಳೋದಕ್ಕೆ ಮುಂಚೆ ಕೊಡು.
ಹೋದ ಮಂಗಳವಾರದ್ದು. ಎರಡು ಉಂಡೆ, ಒಂದು ಉಪ್ಪುಮೀನು.
ಚಿಲ್ಲರೆಯಿಲ್ಲ, ನಾಳೆ ಅಂದೆ.
ನಿನ್ನ ನಾಳೆಗೆ ಏಳು ದಿನ ವಯಸ್ಸಾಯ್ತು.’

ಸಾಲಿನಲ್ಲಿದ್ದವರು ನಕ್ಕರು.
ಉಪ್ಪು ತಿಂದವನು ನೀರು ಕುಡಿಯಲೇಬೇಕು.
ನಾನು ಏಳು ದಿನ
ಬಾಯಾರಿಕೆಯೇ ಇಲ್ಲದವನ ಹಾಗೆ ಓಡಾಡಿದ್ದೆ.

ದುಡ್ಡು ಜೇಬಿನ ತಳದಲ್ಲಿತ್ತು.
ತೆಗೆಯಲು ನೀಲಿ ಪುಸ್ತಕ ಹೊರಗಿಡಬೇಕಾಯಿತು.
ಎಣಿಸಿಕೊಂಡಳು, ಉಳಿದ ಪೆಸೆವಾ ವಾಪಸು ಕೊಟ್ಟಳು.
ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ.
ಮುಂದಿನವನಿಗೆ ‘ಎಷ್ಟು?’ ಅಂದಳು.

ಆ ಮಧ್ಯಾಹ್ನ ಕಾರ್ಖಾನೆಯ ಲೆಕ್ಕದ ಪುಸ್ತಕ ತೆರೆದರೆ
ನನ್ನದೇ ಕೈಬರಹ, ಕೆಂಪು ಶಾಯಿ:
ಎಕೋ ಟೆಚೀ, ನಾಲ್ಕು ಗಡ್ಡೆ, ಬಾಕಿ. ಕೆಳಗೆ ಎರಡು ಗೀರು.
ದಿನಾ ಬೆಳಿಗ್ಗೆ ‘ನಮ್ಮ ಸಾಲ’ ಎಂದು ಗೊಣಗುವವನು ನಾನು.
ಆ ‘ನಮ್ಮ’ದೊಳಗೆ ನನ್ನ ಹೆಸರು ಬರೆದು,
ಮುಂದೆ ಒಂದು ಅಂಕಿ ಹಾಕಿ ನೋಡಿರಲಿಲ್ಲ.

ಭಾನುವಾರ ಪೀಠದ ಹಿಂದೆ ನಿಂತೆ.
ಎರಡನೇ ಸಾಲಲ್ಲಿ ಅರಾಬಾ ಮಾನ್ಸಾ, ಇಸ್ತ್ರಿ ಮಾಡಿದ ಬಿಳಿ ಬಟ್ಟೆ.
ತೂತಿನ ಕೃಪೆ ಹೇಳಲಿಲ್ಲ, ಬಲೆಯ ಜಾಣಮಾತು ಹೇಳಲಿಲ್ಲ.
‘ಕೆಂಕೆಯವಳಿಗೆ ನನ್ನ ಬಾಕಿ ಇತ್ತು. ಕೇಳಿದಳು, ಕೊಟ್ಟೆ.
ಕೇಳದೆ ಕೊಡಬೇಕಿತ್ತು’ ಎಂದೆ.
ಇನ್ನೇನೋ ಇದೆ ಎಂದು ಎಲ್ಲರೂ ಕಾದರು.
ಇರಲಿಲ್ಲ. ಕೂತೆ.
ಆರ್ಗನ್ ಹುಡುಗ ಗಾಬರಿಯಲ್ಲಿ ತಪ್ಪು ಮಟ್ಟು ಹಿಡಿದ.

ಮನೆಗೆ ಹೋಗುವಾಗ ಸೇತುವೆ ಮೇಲೆ ಅದೇ ಹುಡುಗಿ.
ನಿನ್ನ ಹೆಸರೇನು, ಕೇಳಿದೆ.
‘ಯಾಕೆ?’ ಅಂದಳು.
ಉತ್ತರ ಗೊತ್ತಿರಲಿಲ್ಲ.
ಒಂದು ಪೊಟ್ಟಣ ಕೊಂಡು, ಆಗಲೇ ದುಡ್ಡು ಕೊಟ್ಟು,
ಮೂಲೆ ಕಚ್ಚಿ ಹರಿದೆ.
ಬಾಯಾರಿತ್ತು.
ಕುಡಿದೆ.